ಉಣ್ಣುವ ಹೊತ್ತಿಗೆ ನಿಲ್ಲುವ ಕ್ಯಾಮೆರಾ

ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ, ಮನೆ ಮುಂದಿನ ಕಣದಿಂದಲೇ ಒಣಗಿದ ಕಾಳುಮೆಣಸು ಕಳುವಾಗುತ್ತಿತ್ತು. ಕ್ಯಾಮೆರಾ ಹಾಕಲು ನನ್ನನ್ನು ಕರೆಸಿದರು. ರೆಕಾರ್ಡಿಂಗಿಗೆ ಲೆಕ್ಕ ಬರೆಯುವ ಹಳೇ ಕಂಪ್ಯೂಟರೇ ಸಾಕು ಅಂದರು ತೋಟದ ಒಡತಿ ಸುಶೀಲಮ್ಮ. ಹಗಲೂ ರಾತ್ರಿ ಓಡಲು ಅದಕ್ಕೆ ತ್ರಾಣವಿಲ್ಲ ಅಂತ ಒಪ್ಪಿಸಿ, ದೊಡ್ಡ ಹಾರ್ಡ್ ಡಿಸ್ಕಿನ ಹೊಸದನ್ನು ಕೊಡಿಸಿದೆ. ಕರೆಂಟು ನೆಚ್ಚುವ ಹಾಗಿಲ್ಲವೆಂದು ಯುಪಿಎಸ್ಸನ್ನೂ ಕೂರಿಸಿದೆ.

ಪರದೆಯ ಮೇಲೆ ಕಣ ಮೂಡಿದ್ದೇ ಸುಶೀಲಮ್ಮನ ಮುಖ ಗಂಟಾಯಿತು. ಕಣದ ಅಂಚಿನಲ್ಲಿ ಆಳುಗಳು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು.

"ಉಣ್ಣೋರನ್ನ ಹೀಗೆ ನೋಡ್ತಾ ಕೂರೋದಾ? ಊಟದ ಹೊತ್ತಲ್ಲಿ ಇದನ್ನ ನಿಲ್ಸಿ."

"ಅಮ್ಮಾ, ಕಳ್ಳನಿಗೂ ಅದೇ ಹೊತ್ತು ಬೇಕಾಗೋದು."

"ನಿಲ್ಸಿ ಅಂದೆನಲ್ಲ ಮಾರಾಯ್ರೆ."

ದಿನಾ ಆ ಒಂದು ಗಂಟೆ ತಾನಾಗಿ ನಿಲ್ಲುವಂತೆ ಮಾಡಿ ಬಂದೆ. ಮುಂದಿನ ವಾರವೇ ಫೋನ್ ಬಂತು. ಹೋಗಿ ನೋಡಿದರೆ, ಊಟಕ್ಕೆ ಮೊದಲು ಪರದೆಯಲ್ಲಿದ್ದ ಮೆಣಸಿನ ಮೂಟೆ ಊಟ ಮುಗಿದಾಗ ಇಲ್ಲ. ನನಗೆ ಒಳಗೊಳಗೇ ಖುಷಿ.

"ಇನ್ನಾದ್ರೂ ಆ ಗಂಟೆ ಸೇರಿಸ್ಲಾ ಅಮ್ಮ?"

"ಬೇಡ. ಕದ್ದೋನು ಒಬ್ಬ, ಉಂಡೋರು ಅಷ್ಟೂ ಜನ. ಇನ್ಮೇಲೆ ಊಟದ ಹೊತ್ತಿಗೆ ಮೂಟೆನೇ ಒಳಗಿಡಿಸ್ತೀನಿ. ನೀವು ಊಟಕ್ಕೇಳಿ."

ನನಗೆ ಎಲೆ ಹಾಕಿದ್ದು ಜಗಲಿಯಲ್ಲಿ, ಕ್ಯಾಮೆರಾದ ನೇರಕ್ಕೆ. ಆ ಹೊತ್ತಿನಲ್ಲಿ ಅದು ನಿಂತಿರುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಒಳಗೆ ಹೋಗಿ, ರೆಕಾರ್ಡಿಂಗ್ ನಿಂತಿದೆಯಾ ಅಂತ ನೋಡಿ ಬಂದ ಮೇಲೇ ಕೈ ತೊಳೆದು ಕೂತೆ.