ಅಂಬಮ್ಮನವರು ಕ್ಷೇಮ

ಬರೆದುಕೋ ಪ್ರೀತಿ, ಈ ಅಜ್ಜಿಯ ಮಾತನ್ನು ಪೇಪರಿನ ಭಾಷೆಗೆ ತಿದ್ದಿಕೋ. ಚಾಂದಪಾಶಾನ ಬಗ್ಗೆ ಬರೆಯುವಾಗ ಅಷ್ಟಾದರೂ ಮರ್ಯಾದೆ ಬೇಕು. ಆಗೆಲ್ಲ ಊರಿಗೊಬ್ಬ ಸಂಪಾದಕ ಇರುತ್ತಿದ್ದ, ನಮ್ಮ ಕಮಲಾಪುರಕ್ಕೆ ಇವನು. ಇವನ ಅಪ್ಪ ಉರ್ದುವಿನಲ್ಲಿ ಶುರು ಮಾಡಿದ ವಾರಪತ್ರಿಕೆಯನ್ನು ಇವನು ಕನ್ನಡಕ್ಕೆ ತಂದ. ಸುದ್ದಿ ಬರೆಯುವವನೂ ಅವನೇ, ಬ್ರಹ್ಮಪುರದ ಪ್ರೆಸ್ಸಿನಿಂದ ಕಟ್ಟು ಹೊತ್ತು ಬಂದು ಬಸ್ಸಿನಲ್ಲೇ ಅರ್ಧ ಹಂಚಿ ಮುಗಿಸುವವನೂ ಅವನೇ. ಯಾರ ಮನೆಯ ಎಮ್ಮೆ ಈದರೂ ಅವನಿಗೆ ಮುಖಪುಟದ ಸುದ್ದಿ. ಹೋದಲ್ಲೆಲ್ಲ ಚಹಾ ಮಾತ್ರ ಎರಡು ಸಲ ಬೇಕು. ಅದಿರಲಿ, ಫೋಟೊ ವಿಷಯ ಹೇಳಬೇಕು. ಮುಪ್ಪಾದವರನ್ನು ಕಂಡರೆ, "ಒಂದ್ ಫೋಟೊ ಕೊಟ್ಟಿಡ್ರಿ, ಮುಂದ ಬೇಕಾಗ್ತದ" ಎಂದು ಇಸಿದುಕೊಂಡು ಬಿಸ್ಕಿಟ್ ಡಬ್ಬಿಯಲ್ಲಿ ಇಡುತ್ತಿದ್ದ. ಒಮ್ಮೆ ನನ್ನಂತೆಯೇ ಅಂಬಮ್ಮ ಎಂಬ ಹೆಸರಿನವಳೊಬ್ಬಳು ತೀರಿಕೊಂಡಾಗ ನನ್ನ ಫೋಟೊ ಅಚ್ಚು ಹಾಕಿಸಿಬಿಟ್ಟ. ಮರುದಿನ ಕೆಂಪು ಬಾಳೆಹಣ್ಣು ಹಿಡಿದು ಬಂದ. "ಸತ್ತಾಕಿಗಿ ಹಣ್ಣ್ಯಾಕೋ?" ಅಂದೆ. "ಮಾಫ್ ಮಾಡ್ರಿ ಅಮ್ಮಾ, ಬರೋ ವಾರ ಜೀವಂತ ಮಾಡ್ತೀನಿ" ಅಂದ. ಹೇಳಿದಂತೆ "ಅಂಬಮ್ಮನವರು ಕ್ಷೇಮ" ಎಂದು ಹಾಕಿದ. ಆಮೇಲೆ ಪ್ರತಿ ಯುಗಾದಿಗೂ ಮನೆಗೆ ಬಂದು, ನನ್ನನ್ನು ಕಣ್ಣಾರೆ ನೋಡಿ, ಅದನ್ನೇ ಹಾಕುತ್ತಿದ್ದ. ಈಗ ಎಲ್ಲರ ಸುದ್ದಿಯೂ ಮೊಬೈಲಿಗೆ ಬರುತ್ತದೆ, ಅವನ ಪತ್ರಿಕೆ ನಿಂತುಹೋಯಿತು. ಆದರೂ ಈ ಯುಗಾದಿಗೆ ನಾನೀಗ ಇರುವ, ಪಟ್ಟಣದ ಸೇಡಂ ರಸ್ತೆಯ ನಿಮ್ಮ ಮನೆ ಹುಡುಕಿಕೊಂಡು ಬಂದ. "ಚಲೋ ಅದೀರಿ ಬಿಡ್ರಿ" ಎಂದು ರೂಢಿಯಂತೆ ಪೆನ್ನು ತೆಗೆದ. ಆಮೇಲೆ ಅದನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ.