ಕೆಂಪಕ್ಕನ ಒಂದೇ ಪ್ರಶ್ನೆ

ಬೆಳಕು ಹರಿಯುವ ಹೊತ್ತಿಗೆ ಪ್ರಕಾಶನ ಕಚೇರಿಯ ಮೇಲ್ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಫ್ಲಾಸ್ಕಿನ ಚಹಾ ಪಕ್ಕಕ್ಕಿಟ್ಟು, ಚಪ್ಪಲಿ ಕಳಚಿ, ಆಕೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ತುಂಬ ಕೆಂಪು. ವಿಶ್ವವಿದ್ಯಾಲಯಗಳಿಂದ ಬರುವ ಸಂಶೋಧನಾ ಲೇಖನಗಳಲ್ಲಿ ಬೇರೆಯವರ ಬರಹವನ್ನು ಹೋಲುವ ಸಾಲುಗಳಿಗೆ ಯಂತ್ರ ಬಳಿಯುವ ಬಣ್ಣ ಅದು. ಹಾಗಾಗಿ ಕಚೇರಿಗೆಲ್ಲ ಆಕೆ ಕೆಂಪಕ್ಕ.

"ಒಂದೇ ಥರ ಇದೆ ಅಂತ ಯಂತ್ರ ಹೇಳುತ್ತೆ. ಯಾರದ್ದು ಯಾರು ಎತ್ತಿದ್ರು ಅಂತ ಅದಕ್ಕೇನು ಗೊತ್ತು?"

ಮೊದಲು ಇಲ್ಲೇ ಕರಡು ತಿದ್ದುತ್ತಿದ್ದರು. ಈ ಕುರ್ಚಿಗೆ ಬಂದ ಮೇಲೆ ಬೈಗುಳವೂ ಕೆಲಸದ ಭಾಗ. "ನನ್ನ ಮೇಲೇ ಅನುಮಾನವೇನ್ರೀ?" ಎಂದು ಪ್ರಾಧ್ಯಾಪಕರೊಬ್ಬರು ಫೋನಿನಲ್ಲಿ ಹಾರಾಡಿದ್ದರಂತೆ. "ಹೆಸರು ನಿಮ್ಮದೇ ಹಾಕಿದೀರಲ್ಲ ಸಾರ್, ಇನ್ಯಾರ ಮೇಲೆ ಪಡಲಿ?" ಎಂದರಂತೆ ಈಕೆ. ಮನೆಯಲ್ಲಿ ಮಗಳದ್ದೂ ಅದೇ ರಾಗ: "ಅಮ್ಮಾ, ನನ್ನ ಹೋಮ್‌ವರ್ಕ್ ಮಾತ್ರ ಮುಟ್ಬೇಡ!"

ಈಚೆಗೆ ಬೇಕರಿ ಗೋಡೆಯ ಇರುವೆಗಳ ಕುರಿತ ಲೇಖನವೊಂದು ಅರ್ಧಕ್ಕರ್ಧ ಕೆಂಪಾಗಿ ಬಂತು. ಬರೆದವಳು ಸಂಶೋಧನಾ ವಿದ್ಯಾರ್ಥಿನಿ. ಅವೇ ಸಾಲುಗಳು ಆಕೆಯ ಮಾರ್ಗದರ್ಶಕರ ಹೆಸರಲ್ಲಿ ಬೇರೊಂದು ಪತ್ರಿಕೆಯಲ್ಲಿ ಆಗಲೇ ಅಚ್ಚಾಗಿದ್ದವು. ನಕಲು ಎಂದು ಪತ್ರ ಹೋದರೆ ಹುಡುಗಿಯ ಪಿಎಚ್‌ಡಿ ಅಲ್ಲಿಗೇ ಮುಗಿದಂತೆ.

ಇಂಥ ಪತ್ರಕ್ಕೆ ಮೊದಲು ಕೆಂಪಕ್ಕ ಲೇಖನ ಕಳಿಸಿದವರಿಗೆ ಫೋನು ಮಾಡುತ್ತಾರೆ. ಕೇಳುವುದು ಒಂದೇ: "ಇದರಲ್ಲಿ ಬರೀದೆ ಬಿಟ್ಟಿದ್ದೇನು?" ಎತ್ತಿದವರು ತಡವರಿಸುತ್ತಾರೆ. ಬರೆದವರ ಬಾಯಿ ಮುಚ್ಚಿಸುವುದೇ ಕಷ್ಟ.

"ಹಿಂದಿನ ಗೋಡೆ ಬಿಟ್ಟೆ ಮೇಡಂ! ಬೇಕರಿಯಣ್ಣ ಹೇಳದೆ ಕೇಳದೆ ಸುಣ್ಣ ಹೊಡೆಸಿಬಿಟ್ರು. ನನ್ನ ಇರುವೆಗಳೆಲ್ಲ ದಿಕ್ಕಾಪಾಲು. ವಾರವಿಡೀ ಅವರ ಹತ್ರ ಮಾತೇ ಬಿಟ್ಟಿದ್ದೆ."

ಬರೀ ಮಾತು ಸಾಲದು. ಹುಡುಗಿಯ ಹಳೆಯ ಕರಡುಗಳು, ಗೋಡೆಯ ಫೋಟೊಗಳು, ಮಾರ್ಗದರ್ಶಕರಿಗೆ ಕಳಿಸಿದ ಇಮೇಲುಗಳು ಬಂದವು. ಎಲ್ಲವೂ ಅವರ ಲೇಖನಕ್ಕಿಂತ ಹಳೆಯವು. ಸಂಪಾದಕರು ವಿಶ್ವವಿದ್ಯಾಲಯಕ್ಕೂ ಆ ಪತ್ರಿಕೆಗೂ ಬರೆದರು.

ಇಂದು ಬೆಳಿಗ್ಗೆ ಉತ್ತರ ಬಂದಿದೆ. ವಿಚಾರಣೆ ಮುಗಿದಿದೆ, ಮಾರ್ಗದರ್ಶಕರ ಲೇಖನವನ್ನು ಹಿಂಪಡೆಯಲಾಗಿದೆ, ಹುಡುಗಿಯದು ಅಚ್ಚಿಗೆ ಹೋಗುತ್ತದೆ. ತಮ್ಮ ಬಗ್ಗೆ ಬರೆಯಲು ಬಂದ ನನ್ನೆದುರೇ ಕೆಂಪಕ್ಕ ಹುಡುಗಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಬಿಕ್ಕುವ ಸದ್ದು.

"ಅಯ್ಯೋ, ಅಳೋದ್ಯಾಕಮ್ಮ? ಮೊದಲು ಬೇಕರಿಯಣ್ಣನಿಗೆ ಹೇಳು, ಹೋಗು."

ಫೋನಿಟ್ಟು, ಆರಿದ ಚಹಾವನ್ನೇ ನೆಮ್ಮದಿಯಾಗಿ ಗುಟುಕರಿಸುತ್ತಾರೆ. ಆಸೆಯೇನಾದರೂ ಇದೆಯೇ ಎಂದು ಕೇಳುತ್ತೇನೆ.

"ಒಂದಿನ ಈ ಪರದೆ ಬೆಳ್ಳಗಿರ್ಬೇಕು ನೋಡಿ. ಅವತ್ತು ಹುಡುಗಿಯ ಇರುವೆ ಕಥೆ ಮೊದಲಿಂದ ಓದ್ತೀನಿ. ಹಿಡಿಯೋಕಲ್ಲ, ಸುಮ್ನೆ ಓದೋಕೆ."