ಜಗಳೂರಿಗೆ ಹೊತ್ತೊಯ್ದ ಆಟ

ನ್ಯಾಮತಿಯಿಂದ ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನನ್ನ ಹೆಂಡತಿ ಶಶಿಕಲಾ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಕಿ. ಜಗಳೂರು ಕಡೆಯ ಹಳ್ಳಿಶಾಲೆಯೊಂದರಲ್ಲಿ, ಸುತ್ತಲಿನ ಮೇಷ್ಟ್ರುಗಳ ಮುಂದೆ ಆಟದ ಮೂಲಕ ವ್ಯಾಯಾಮ ಕಲಿಸುವ ಮಾದರಿ ಪಾಠ ಮಾಡಬೇಕಿತ್ತು. ಅಲ್ಲಿನ ಮುಖ್ಯ ಶಿಕ್ಷಕರು ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದರು: "ಬರ್ರಿ ಮೇಡಂ, ನೋಡ್ತೀವಿ. ಹಿಡಿಸಲಿಲ್ಲ ಅಂದ್ರೆ ಆಟದ ಪೀರಿಯಡ್ಡು ಲೆಕ್ಕಕ್ಕೆ ಕೊಟ್ಬಿಡ್ತೀನಿ." ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾನು ಗೊಬ್ಬರದ ಅಂಗಡಿಗೆ ಬೀಗ ಹಾಕಿ, ಸಾಮಾನು ಹೊರಲು ಜೊತೆಗೆ ಹೊರಟೆ.

ಸಾಮಾನೆಂದರೆ ಅಡಿಕೆ ಹಾಳೆ. ಚನ್ನಗಿರಿಯ ತವರಿನಿಂದ ಒಂದು ಹೊರೆ ತರಿಸಿದ್ದಳು. ಒಂದು ಮಗು ಹಾಳೆಯ ಮೇಲೆ ಕೂರಬೇಕು, ಇನ್ನೊಂದು ಎಳೆಯಬೇಕು. ತೋಳಿಗೂ ಕಾಲಿಗೂ ಒಳ್ಳೆಯ ಕೆಲಸ. ಹೊನ್ನಾಳಿಯಲ್ಲಿ ಬಸ್ ಬದಲಿಸುವಾಗ ಕಂಡಕ್ಟರ್, "ಏನ್ರೀ ಯಜಮಾನ್ರೇ, ತೋಟಾನೇ ಬಸ್ಸಿಗೆ ಹಾಕೀರಲ್ಲ?" ಎಂದ. ಅವಳಿಗೆ ಟಿಕೆಟ್ ಉಚಿತ. ನನಗೂ ಹಾಳೆಗೂ ದುಡ್ಡು. ಅದನ್ನೇ ನೆನೆದು ಅವಳು ದಾವಣಗೆರೆಯವರೆಗೂ ನಕ್ಕಳು. ನಗಲಿ ಎಂದು ನಾನೂ ಹಾಳೆಯ ಟಿಕೆಟ್ಟನ್ನು ಮತ್ತೆ ಮತ್ತೆ ತೆಗೆದು ತೋರಿಸಿದೆ.

ದಾವಣಗೆರೆಯಲ್ಲಿ ನಾನು ಮಂಡಕ್ಕಿ ಮೆಣಸಿನಕಾಯಿ ತಿಂದೆ, ಅವಳು ಬರೀ ಚಹಾ ಕುಡಿದಳು. ಜಗಳೂರಿನಲ್ಲಿ ಇಳಿದು ಆಟೋ ಹಿಡಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು.

ಹಾಳೆ ಕಂಡು ಮಕ್ಕಳು ಕುಣಿದಾಡಿದರು. ಆದರೆ ಶಾಲೆಯ ಬಯಲು ಪೂರಾ ಗರಸು. ನಮ್ಮ ಕಡೆ ಹುಲ್ಲಿನ ಮೇಲೆ ಸರಾಗವಾಗಿ ಜಾರುವ ಹಾಳೆಗಳು ಆ ಕಲ್ಲಿಗೆ ಸಿಕ್ಕು ಒಂದೊಂದಾಗಿ ಪರ್ರನೆ ಹರಿದವು. ಹಾಳೆಯ ಬಗ್ಗೆ ಅಷ್ಟು ಯೋಚಿಸಿದವರು ನೆಲದ ಬಗ್ಗೆ ಯೋಚಿಸಿರಲಿಲ್ಲ.

"ಮುಗೀತೇನ್ರೀ ಮೇಡಂ? ಲೆಕ್ಕ ಮಾಡೋದೈತೆ, ಮಕ್ಕಳು ಒಳಗೆ ಹೋಗ್ಲಿ," ಎಂದರು ಮುಖ್ಯ ಶಿಕ್ಷಕರು, ಜಗಲಿಯ ಕುರ್ಚಿಯಿಂದಲೇ. ನನಗೆ ಮೈಯೆಲ್ಲ ಉರಿಯಿತು. ಶಶಿ ಮಾತ್ರ ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೀವು ದಿನಾ ಏನಾಡ್ತೀರಿ?"

"ಮುಟ್ಟಾಟ, ಟೀಚರ್!"

"ಮುಟ್ಟಿಸ್ಕೊಂಡ್ರೆ?"

"ಔಟು. ಕುಂತ್ಕಬೇಕು."

"ಇವತ್ತು ಯಾರೂ ಕುಂತ್ಕಳಂಗಿಲ್ಲ. ಔಟಾದೋರು ಮುಟ್ಟಿದೋರ ಕೈ ಹಿಡ್ಕೊಂಡು ಉಳಿದೋರನ್ನ ಹಿಡಿಯಾಕೆ ಓಡಬೇಕು."

ಇಬ್ಬರಿಂದ ಶುರುವಾದ ಸರಪಳಿ ಬೆಳೆಯುತ್ತ ಹೋಯಿತು. ಕೈ ಬಿಟ್ಟರೆ ಅವಳು ಸೀಟಿ ಊದುತ್ತಿದ್ದಳು, ಎಲ್ಲರೂ ನಾಲ್ಕು ಹೆಜ್ಜೆ ಕುಂಟಬೇಕಿತ್ತು. ಸ್ವಲ್ಪ ಹೊತ್ತಿಗೆ ಮಕ್ಕಳೇ, "ನಿಧಾನಕ್ಕೆ ಓಡ್ರೋ, ಹಿಂದೆ ಚಿಕ್ಕೋರು ಅದಾರೆ!" ಎಂದು ಕೂಗತೊಡಗಿದರು. ಮೇಷ್ಟ್ರುಗಳೂ ಒಬ್ಬೊಬ್ಬರಾಗಿ ಸರಪಳಿಗೆ ಸೇರಿದರು. ಕೊನೆಗೆ ಅದು ಜಗಲಿಗೇ ನುಗ್ಗಿ ಮುಖ್ಯ ಶಿಕ್ಷಕರನ್ನು ಮುಟ್ಟಿತು. ಅವರು ನಗುತ್ತ ಮತ್ತೆ ಕೂರಲು ಹೊರಟರು.

ಒಂದನೇ ತರಗತಿಯ ಹುಡುಗಿಯೊಬ್ಬಳು ಅವರ ಬೆರಳು ಹಿಡಿದಳು. "ಸಾರ್, ಕುಂತ್ಕಳಂಗಿಲ್ಲ! ಓಡ್ರಿ!"

ಅವರು ಓಡಿದರು.

ನಮ್ಮನ್ನು ಕರೆದೊಯ್ಯಲು ಬಂದಿದ್ದ ಆಟೋದವನು ಬಾಯಿಬಿಟ್ಟು ನೋಡುತ್ತಿದ್ದ. "ನಮ್ ಹೆಡ್ಮೇಷ್ಟ್ರು ಓಡಿದ್ದು ಇವತ್ತೇ ನೋಡಿದ್ದು. ಯಾರ್ರೀ ಆ ಮೇಡಂ?"

"ನನ್ನ ಹೆಂಡ್ತಿ," ಎಂದೆ. ಮದುವೆಯಾದ ಮೇಲೆ ಇಷ್ಟು ಹೆಮ್ಮೆಯಿಂದ ನಾನು ಆ ಮಾತು ಹೇಳಿದ್ದೇ ಇಲ್ಲ.

ಆಟೋ ಹೊರಟಾಗ ತಿರುಗಿ ನೋಡಿದೆವು. ಸೀಟಿ ಊದುವವರಿಲ್ಲದೆಯೂ ಆಟ ಸಾಗಿತ್ತು. ಸರಪಳಿಯ ನಡುವಿನಿಂದ ಮುಖ್ಯ ಶಿಕ್ಷಕರು ಏದುಸಿರು ಬಿಡುತ್ತ ಕೂಗಿದರು: "ಮೇಡಂ, ಈ ಪೀರಿಯಡ್ಡು ಯಾರಿಗೂ ಕೊಡಲ್ಲ!"